ಎಡೆ ಮುಟ್ಟದ ದೊಡ್ಡಬೀರಪ್ಪ

ದೆವ್ವ ಇಲ್ಲ ಎಂದು ಹೇಳಿಕೊಂಡು ಬದುಕುವವನ ಪಾಡು ದೆವ್ವಕ್ಕೂ ಬೇಡ.

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ರೀಲು ಹಾಕುವ ಕಾಲದಲ್ಲಿ ಒಂದು ಮದುವೆ ಫೋಟೋದಲ್ಲಿ ಹೆಣ್ಣಿನ ಹಿಂದೆ ಬಿಳಿ ನೆರಳು ಬಿತ್ತು. ಸತ್ತ ಅಕ್ಕ ಬಂದು ನಿಂತಿದ್ದಾಳೆ ಎಂದು ಆ ಮನೆಯವರೆಲ್ಲ ಗೋಳಾಡಿದರು. ಒಂದೇ ರೀಲಿನ ಮೇಲೆ ಎರಡು ಸಲ ಬೆಳಕು ಬಿದ್ದರೆ ಹೀಗಾಗುತ್ತದೆ ಎಂದು ನಾನು ಮಾಡಿ ತೋರಿಸಿದೆ. ಅವತ್ತು ಹಿಡಿದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ. ಎಲ್ಲಿ ದೆವ್ವ ಎಂದರೆ ಅಲ್ಲಿಗೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೊರಡುತ್ತಿದ್ದೆ. ಶಿವನಿ ಹತ್ತಿರ ಒಂದು ಮನೆಯ ಮೇಲೆ ಕಲ್ಲು ಬೀಳುತ್ತಿದ್ದವು. ತೂರುತ್ತಿದ್ದವನು ಪಕ್ಕದ ಮನೆಯ ದಾಯಾದಿ. ತರೀಕೆರೆ ಕಡೆಯ ತೋಟವೊಂದರಲ್ಲಿ ಕೊಳ್ಳಿದೆವ್ವ ಓಡಾಡುತ್ತಿತ್ತು. ಅದು ತೆಂಗಿನಕಾಯಿ ಕದಿಯುವವನ ಬ್ಯಾಟರಿ. ಎಲ್ಲವನ್ನೂ ಫೋಟೋ ಸಮೇತ ಬರೆದೆ. ಮೊದಲ ಪುಸ್ತಕ ‘ದೆವ್ವಕ್ಕೂ ಒಂದು ವಿಳಾಸ’. ಎರಡನೆಯದು ‘ಕಲ್ಲು ತೂರುವ ಕೈಗಳು’.

ಪುಸ್ತಕಗಳು ಖರ್ಚಾದವು. ಯಾರಿಗೆ ಅಂದರೆ, ದೆವ್ವ ಬೇಕಾದವರಿಗೆ. ಬೈಕಿನಲ್ಲಿ ಹುಡುಗರು ಬರುತ್ತಾರೆ, ಕೈಯಲ್ಲಿ ನನ್ನ ಮೊದಲ ಪುಸ್ತಕ. ಅದರಲ್ಲಿರುವ ಊರು, ತೋಟ, ಪಾಳುಬಾವಿಗಳನ್ನು ಒಂದೊಂದಾಗಿ ಹುಡುಕಿಕೊಂಡು ಹೋಗಿ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾರೆ. “ಇಲ್ಲಿ ಏನೂ ಇಲ್ಲ ಅಂತ ನಾನೇ ಬರ್ದಿದೀನಲ್ರಪ್ಪಾ, ಓದ್ಲಿಲ್ವಾ?” ಎಂದರೆ, “ಆ ಪೇಜ್‌ಗಳನ್ನ ಸ್ಕಿಪ್ ಮಾಡಿದ್ವಿ ಅಂಕಲ್” ಅನ್ನುತ್ತಾರೆ. ಇನ್ನು ನಾನು ಹೋಗಿ ಬಂದ ಮನೆಗಳವರು ಊರೆಲ್ಲ ಹೇಳಿಕೊಂಡು ತಿರುಗುವುದು ಒಂದೇ ಮಾತು: “ಓಂಕಾರೇಶಪ್ಪ ಕಾಲಿಟ್ರು, ದೆವ್ವ ಓಡೋಯ್ತು.” ಇರಲೇ ಇಲ್ಲ ಕಣ್ರೀ ಎಂದು ಗಂಟಲು ಹರಿದುಕೊಂಡರೂ, “ನಿಮ್ ದೊಡ್ಡತನ ಬುಡಿ” ಎಂದು ಕೈಮುಗಿಯುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದವನಿಗಾದರೂ ಕೋಣ ಕೈಮುಗಿಯುವುದಿಲ್ಲ. ನನಗೆ ಆ ಸುಖವೂ ಇಲ್ಲ.

“ಊರೋರ ಮನೆ ದೆವ್ವ ಎಲ್ಲಾ ಓಡ್ಸಿದ್ರಿ. ನಮ್ಮನೆ ಅಟ್ಟದ ಮೇಲಿನ ಇಲಿ ಯಾವಾಗ ಓಡ್ಸ್ತೀರಾ?” ಎಂದು ನನ್ನ ಹೆಂಡತಿ ಸುಲೋಚನಮ್ಮ ಕೇಳುತ್ತಲೇ ಇರುತ್ತಾಳೆ.

ಮೂರನೆಯ ಪುಸ್ತಕ ಅಚ್ಚಿಗೆ ಹೋಗಿದೆ. ತರೀಕೆರೆಯ ಪ್ರೆಸ್ಸಿನ ಕೆಂಚಪ್ಪ ಕೊನೆಯ ಅಧ್ಯಾಯಕ್ಕೆ ಕಾದು ಕೂತಿದ್ದಾನೆ. ಅವನದೂ ಒಂದು ಸಲಹೆ: “ಎಲ್ಲಾದ್ರಲ್ಲೂ ಇಲ್ಲ ಇಲ್ಲ ಅಂದ್ರೆ ಜನ ಯಾಕ್ ಓದ್ತಾರೆ ಸಾರ್? ಕೊನೇದ್ರಲ್ಲಾದ್ರೂ ಒಂಚೂರು ಇರ್ಲಿ.” ಒಂಚೂರು ಇರಲಿ ಅನ್ನುವುದಕ್ಕೆ ದೆವ್ವವೇನು ಉಪ್ಪಿನಕಾಯಿಯೇ?

ಹೀಗೆ ತಲೆ ಕೆಟ್ಟಿದ್ದಾಗಲೇ ಯಗಟಿಯಿಂದ ತಿಮ್ಮೇಶನ ಫೋನು ಬಂತು.

“ಸಾರ್, ನಮ್ಮಪ್ಪ ಬರ್ತಿಲ್ಲ” ಅಂದ.

“ಎಲ್ಲಿ ಹೋಗಿದಾರೆ?”

“ಸತ್ತೋಗಿದಾರೆ ಸಾರ್.”

ದೆವ್ವ ಬರುತ್ತದೆ ಎಂಬ ದೂರು ಕೇಳಿ ಕೇಳಿ ಮುದುಕನಾದವನು ನಾನು. ಬರುತ್ತಿಲ್ಲ ಎಂಬ ದೂರು ಅದೇ ಮೊದಲು.

ತಿಮ್ಮೇಶನ ತಂದೆ ದೊಡ್ಡಬೀರಪ್ಪ ಕುರಿಮಂದೆ, ತೆಂಗಿನ ತೋಟ ಇದ್ದ ಕುಳ. ಅವರ ಮನೆಯಲ್ಲಿ ಪ್ರತಿ ವರ್ಷ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಕೋಣೆ ಸಾರಿಸಿ, ಸತ್ತವರ ಫೋಟೋ ಇಟ್ಟು, ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ, ಅವರವರಿಗೆ ಬದುಕಿದ್ದಾಗ ಇಷ್ಟವಿದ್ದದ್ದನ್ನೆಲ್ಲ ಬಡಿಸಿ, ಮನೆಯ ಯಜಮಾನ ಧೂಪ ಹಾಕಿ ಕೊನೆಗೆ ಹೊರಗೆ ಬಂದು ಬಾಗಿಲು ಹಾಕುತ್ತಾನೆ. ಎಲ್ಲರೂ ಹೊರಗೆ ಉಸಿರು ಬಿಗಿಹಿಡಿದು ಕೂರುತ್ತಾರೆ. ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗಿ ನೋಡುತ್ತಾರೆ. ಹಿರಿಯರು ಬಂದಿದ್ದರೆ ಎಲೆಯ ಮೇಲೆ ಏನಾದರೂ ಗುರುತು ಇರಬೇಕು.

ಆ ಮನೆಯಲ್ಲಿ ಮೊದಲೆಲ್ಲ ಗುರುತು ಇರುತ್ತಿತ್ತಂತೆ. ದೊಡ್ಡಬೀರಪ್ಪ ಸತ್ತ ಮೇಲೆ ಎರಡು ಪಕ್ಷ ಕಳೆದರೂ ಎಲೆಗಳು ಇಟ್ಟ ಹಾಗೇ ಇದ್ದವು. ಅವನ ಹೆಂಡತಿ ಹಾಲಮ್ಮನಿಗೆ ಅದೇ ಕೊರಗು ಹತ್ತಿತು. ಗಂಡ ಹಸಿದಿದ್ದಾನೆ, ನಾನೇಕೆ ಉಣ್ಣಲಿ ಎಂದು ಒಂದು ಹೊತ್ತಿನ ಊಟಕ್ಕೆ ಇಳಿದಳು. ಸಕ್ಕರೆ ಕಾಯಿಲೆ ಬೇರೆ. ಎರಡು ಸಲ ಹಿತ್ತಲಲ್ಲಿ ಬಿದ್ದಿದ್ದಾಳೆ. ಈ ವರ್ಷವೂ ಅವನು ಬರದಿದ್ದರೆ ಆ ಒಂದು ಹೊತ್ತೂ ಬೇಡ ಎಂದು ಹಟ ಹಿಡಿದು ಕೂತಿದ್ದಾಳೆ. ಕಡೂರಿನ ಡಾಕ್ಟರು, ಹಿಂಗೇ ಆದರೆ ಈ ಜೀವ ಉಳಿಯಲ್ಲ ಎಂದು ತಿಮ್ಮೇಶನಿಗೆ ಬೈದು ಕಳಿಸಿದ್ದರು.

“ಅವ್ವನೇ ನಿಮ್ಮನ್ನ ಕರ್ಸು ಅಂದಿದ್ದು ಸಾರ್. ನೀವು ನಮ್ಮೂರ್ ಸ್ಕೂಲಲ್ಲಿ ಭಾಷಣ ಮಾಡಿದ್ರಲ್ಲ, ಅದನ್ನ ಕೇಳೈತೆ. ನೀವ್ ಹೇಳಿದ್ರೆ ನಂಬ್ತದೆ. ಬಂದ್ಬಿಟ್ಟು, ಕ್ಯಾಮ್ರಾ ಇಟ್ಟು, ಅಪ್ಪ ಬಂದಿದ್ರು ಅಂತ ಒಂದ್ ಮಾತ್ ಹೇಳ್ಬಿಡಿ ಸಾರ್.”

ನನಗೆ ಮೈ ಉರಿದುಹೋಯಿತು. “ನಾನೇನ್ ಕಣಿ ಹೇಳೋನೇನಪ್ಪಾ? ಅದನ್ನ ನೀನೇ ಹೇಳು.”

“ಹೋದ್ ವರ್ಷ ನಾನೇ ಒಂದ್ ಗುಟುಕು ಕುಡಿದು ಗ್ಲಾಸ್ ಇಟ್ಟಿದ್ದೆ ಸಾರ್. ‘ನಿಮ್ಮಪ್ಪ ಬೀಡಿ ಹಚ್ಚದೆ ಗ್ಲಾಸ್ ಮುಟ್ತಿದ್ನೇನೋ? ನಿನ್ ಬಾಯ್ ವಾಸ್ನೆ ನೋಡ್ಕೋ’ ಅಂತ ಹಿಡ್ಕಂಡ್ಬಿಡ್ತು.”

ಆ ಹೆಂಗಸಿನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ. ಸುಳ್ಳು ಹೇಳುವುದಿಲ್ಲ, ಕಂಡದ್ದನ್ನು ಹೇಳುತ್ತೇನೆ ಎಂದು ಖಂಡಿತವಾಗಿ ತಿಳಿಸಿ, ಬೀರೂರು, ಕಡೂರುಗಳಲ್ಲಿ ಬಸ್ಸು ಬದಲಾಯಿಸಿಕೊಂಡು ಯಗಟಿಗೆ ಹೋದೆ.

ಹಾಲಮ್ಮ ಜಗುಲಿಯ ಮೇಲೆ ಗೋಡೆಗೊರಗಿ ಕೂತಿದ್ದಳು. ಕೈಯಲ್ಲಿ ಉಳಿದಿದ್ದ ಒಂದು ಬೆಳ್ಳಿ ಬಳೆ ಮೊಣಕೈವರೆಗೆ ಜಾರುತ್ತಿತ್ತು, ಅಷ್ಟು ಸೊರಗಿದ್ದಳು. ಕಣ್ಣು ಮಾತ್ರ ಚುರುಕು.

“ಸಾಮಿ, ನನ್ ಮಗ ಏನ್ ಹೇಳಿ ಕರ್ಸವ್ನೋ ಕಾಣೆ. ನಂಗ್ ಸಮಾಧಾನ ಬ್ಯಾಡ. ಬತ್ತಾರೋ ಇಲ್ವೋ, ಅದಷ್ಟ್ ಹೇಳಿ.”

“ಅವ್ರು ಯಾಕ್ ಬರಲ್ಲ ಅಂತೀರಾ?”

ಅವಳು ಹೇಳಿದ್ದು ಇಷ್ಟು. ದೊಡ್ಡಬೀರಪ್ಪನಿಗೆ ಕಿಡ್ನಿ ಕೈಕೊಟ್ಟು, ಉಪ್ಪು ಬೇಡ, ಬಾಡು ಬೇಡ ಎಂದು ಡಾಕ್ಟರು ಕಟ್ಟು ಹಾಕಿದ್ದರು. ಯುಗಾದಿಯ ಮಾರನೆಯ ದಿನ ಹೊಸತೊಡಕು. ಮನೆಮಂದಿಯೆಲ್ಲ ಬಾಡೂಟ ಮಾಡುವಾಗ ಅವನು ಒಂದೇ ಒಂದು ಚೂರು ಕೇಳಿದ. ಹಾಲಮ್ಮ ಪಾತ್ರೆಯನ್ನೇ ಅಡಗಿಸಿಟ್ಟು ಗಂಜಿ ತಂದಿಟ್ಟಳು. ಅವನು ತಟ್ಟೆ ತಳ್ಳಿ, “ಇನ್ ನಿನ್ ಕೈ ಊಟ ಮುಟ್ಟಿದ್ರೆ ಕೇಳು” ಎಂದು ಎದ್ದುಹೋದ. ಆಮೇಲೆ ಶಿವಮೊಗ್ಗದ ಆಸ್ಪತ್ರೆ ಸೇರಿದವನು ಮನೆಗೆ ಬಂದದ್ದು ಹೆಣವಾಗಿ.

“ಮಾತಿಗ್ ತಪ್ಪೋ ಗಂಡ್ಸಲ್ಲ ಅವ್ರು. ಅದಕ್ಕೇ ಮುಟ್ತಿಲ್ಲ. ಅದಕ್ಕೇ ಈ ವರ್ಸ ನಾನು ಒಲೆ ತಾವ್ಕೂ ಹೋಗಿಲ್ಲ. ಎಲ್ಲಾ ಸೊಸೆ ಕೈಲೇ ಮಾಡ್ಸಿದೀನಿ. ನೋಡಾವ.”

ಸೊಸೆ ಪ್ರಿಯಾಂಕಾ ಕಡೂರಿನಲ್ಲಿ ಬಿ.ಕಾಂ. ಓದಿದವಳು. ಬಾಡಿನ ಸಾರು, ಮುದ್ದೆ, ಕಜ್ಜಾಯ ಎಲ್ಲ ಒಬ್ಬಳೇ ಮಾಡಿ ಮುಖ ಕೆಂಪಾಗಿತ್ತು. ನನಗೆ ಕಾಫಿ ತಂದುಕೊಟ್ಟವಳು ಅಲ್ಲೇ ನಿಂತಳು. “ಸಾರ್, ನಂಗೆ ಇದ್ರಲ್ಲೆಲ್ಲ ನಂಬಿಕೆ ಇಲ್ಲ. ಆದ್ರೂ ಮಾವ ಇವತ್ತೂ ಮುಟ್ಲಿಲ್ಲ ಅಂದ್ರೆ, ಅತ್ತೆ ನನ್ ಅಡುಗೇನೇ ಸರಿಯಿಲ್ಲ ಅಂತಾರೆ. ಕಜ್ಜಾಯದ ಪಾಕ ನಂಗೆ ಬರಲ್ಲ ಅಂತ ಮದ್ವೆಯಾಗಿ ಬಂದಾಗಿಂದ ಬೈತಾನೇ ಇದಾರೆ” ಎಂದಳು. ನಂಬಿಕೆ ಇಲ್ಲವಂತೆ, ಭಯ ಮಾತ್ರ ಇದೆಯಂತೆ. ನಮ್ಮ ವಿದ್ಯಾವಂತರ ಪೈಕಿ ಮುಕ್ಕಾಲು ಜನ ಇದೇ ಜಾತಿ.

ಕುರಿಗಳು ಮೇವಿನಿಂದ ಬರುವ ಮುಂಚೆ ಎಡೆ ಇಡುವುದು ಆ ಮನೆಯ ಪದ್ಧತಿ. ತಿಮ್ಮೇಶ ಮೂರು ಎಲೆ ಹಾಕಿದ: ಅಪ್ಪನಿಗೆ, ಅಜ್ಜನಿಗೆ, ಅಜ್ಜಿಗೆ. ಅಪ್ಪನ ಎಲೆಗೆ ಮುದ್ದೆ, ಬಾಡು, ಕಜ್ಜಾಯ, ಬೀಡಿ ಕಟ್ಟು, ಬೆಂಕಿಪೊಟ್ಟಣ, ಒಂದು ಗ್ಲಾಸು ಬ್ರಾಂದಿ. ಅಜ್ಜಿಯ ಎಲೆಗೆ ಹಾಲಮ್ಮ ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ ಉಂಡೆ ಮಾಡಿ ಇಟ್ಟಳು. ನಾನು ಮದುವೆ ಮನೆಗೆ ಒಯ್ಯುತ್ತಿದ್ದ ವಿಡಿಯೋ ಕ್ಯಾಮೆರಾವನ್ನು ಮೂಲೆಯಲ್ಲಿ ನಿಲ್ಲಿಸಿ ಹೊರಬಂದೆ. ಬಾಡಿನ ಘಮ, ಧೂಪದ ಹೊಗೆ ಎರಡೂ ಸೇರಿ, ಸೊಪ್ಪು ಸಾರಿನ ಮನೆಯವನಾದ ನನಗೆ ತಲೆ ಸುತ್ತುತ್ತಿತ್ತು. ತಿಮ್ಮೇಶ ಬಾಗಿಲು ಹಾಕಿದ.

ಕಾದು ಕೂತೆವು. ಪ್ರಿಯಾಂಕಾಗೆ ತಡೆಯಲಾಗಲಿಲ್ಲ. “ನಾನ್ ನೋಡಲ್ಲಪ್ಪಾ, ಕುರಿ ಕೂಡಿ ಹಾಕಿ ಬರ್ತೀನಿ” ಎಂದು ತೋಟದ ಅಂಚಿನ ಕುರಿಹಟ್ಟಿಯ ಕಡೆ ಹೊರಟುಹೋದಳು.

ಸ್ವಲ್ಪ ಹೊತ್ತಿನ ಮೇಲೆ ತಿಮ್ಮೇಶ ಕೆಮ್ಮಿ, ಬಾಗಿಲು ತಟ್ಟಿ, ತೆಗೆದ. ಎಲೆಗಳು ಇಟ್ಟ ಹಾಗೇ ಇದ್ದವು. ಕ್ಯಾಮೆರಾದಲ್ಲಿ ದಾಖಲಾದದ್ದನ್ನು ಹಿಂದಕ್ಕೆ ತಿರುಗಿಸಿ ತೋರಿಸಿದೆ. ದೀಪ ಅಲ್ಲಾಡಿತ್ತು, ಹೊಗೆ ಎದ್ದಿತ್ತು, ಒಂದು ಹಲ್ಲಿ ಗೋಡೆಯ ಮೇಲೆ ಓಡಿತ್ತು. ಅಷ್ಟೇ.

“ನೋಡಿದ್ರಾ” ಎಂದಳು ಹಾಲಮ್ಮ. ಅವಳ ಧ್ವನಿಯಲ್ಲಿ ಜೀವವಿರಲಿಲ್ಲ. “ಸೊಸೆ ಕೈದೂ ಬ್ಯಾಡ ಅಂದ್ರು. ನನ್ ಮೇಲಿನ್ ಸಿಟ್ಟು ಅಷ್ಟೈತೆ.”

“ಸಿಟ್ಟೂ ಇಲ್ಲ, ಏನೂ ಇಲ್ಲ ತಾಯಿ. ಸತ್ತೋರು ಯಾರೂ ಬರಲ್ಲ.”

“ಬರಲ್ಲ ಅಂದ್ರೆ? ಅವ್ರು ಇರೋಗಂಟ ನಮ್ಮತ್ತೆ ಬತ್ತಿರ್ಲಿಲ್ವಾ? ವರ್ಸ ವರ್ಸ ಕಜ್ಜಾಯ ಕಚ್ಚಿರೋರು. ತಿಮ್ಮೇಶ, ತೋರ್ಸೋ ಸಾಮೇರ್ಗೆ.”

ತಿಮ್ಮೇಶ ಮೊಬೈಲಿನಲ್ಲಿ ಹುಡುಕಿ ಒಂದು ಫೋಟೋ ತೆಗೆದ. ಅಪ್ಪ ಬದುಕಿದ್ದಾಗಿನ ಕೊನೆಯ ಪಕ್ಷದ್ದು. ಅಜ್ಜಿ ಬಂದಿದ್ದಳೆಂದು ಸ್ಟೇಟಸ್ ಹಾಕಿಕೊಂಡಿದ್ದನಂತೆ. ಅಜ್ಜಿಯ ಎಲೆಯ ಮೇಲಿನ ಕಜ್ಜಾಯಕ್ಕೆ ಹಲ್ಲಿನ ಗುರುತು ಚೆನ್ನಾಗಿ ಮೂಡಿತ್ತು. ಮುಂದಿನ ಹಲ್ಲು ಇರಬೇಕಾದ ಕಡೆ ಕಜ್ಜಾಯದ ಒಂದು ಸಣ್ಣ ಚೂರು ಕಚ್ಚದೆ ಹಾಗೇ ಉಳಿದಿತ್ತು. ನಾನು ತಲೆಯೆತ್ತಿ ಗೋಡೆ ನೋಡಿದೆ. ಹೂವಿನ ಹಾರದೊಳಗಿನಿಂದ ದೊಡ್ಡಬೀರಪ್ಪ ನಗುತ್ತಿದ್ದ. ಮುಂದಿನ ಹಲ್ಲೊಂದು ಇರಲಿಲ್ಲ.

ಇಷ್ಟು ವರ್ಷದ ಕಸುಬು ನೋಡಿ, ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಹಾಲಮ್ಮನೋರೇ, ನಿಮ್ಮತ್ತೆಗೆ ಹಲ್ಲಿದ್ವಾ?”

“ಒಂದೂ ಇರ್ಲಿಲ್ಲ.”

“ಮತ್ತೆ ಕಚ್ಚಿದ್ದು ಹೆಂಗೆ?”

“ಸತ್ಮೇಲೆ ಹಲ್ ಬಂದಿರ್ತವೆ.”

“ಹಲ್ ಬಂದೋರಿಗೆ ಎಲೆ ಅಡಿಕೆ ಕುಟ್ಟಿ ಇಟ್ಟಿದೀರಲ್ಲ, ಯಾಕೆ?”

ಅವಳು ಕುಟ್ಟಿಟ್ಟ ಉಂಡೆಯ ಕಡೆ ನೋಡಿದಳು. ನಾನು ಫೋಟೋವನ್ನು ಗೋಡೆಯ ಪಕ್ಕ ಹಿಡಿದು ತೋರಿಸಿದೆ. ಕೊನೆಗೆ ಧೂಪ ಹಾಕಿ ಹೊರಗೆ ಬರುತ್ತಿದ್ದವನು ಯಾರು? ಯಜಮಾನ. ಬಾಗಿಲು ಹಾಕುವ ಮುಂಚೆ ಕಜ್ಜಾಯ ಕಚ್ಚಿ ಇಡುತ್ತಿದ್ದವನೂ ಅವನೇ. ಅವನು ಹೋದ, ಕಚ್ಚುವವರು ಇಲ್ಲವಾದರು, ಎಲೆ ಹಾಗೇ ಉಳಿಯಿತು. ಇದರಲ್ಲಿ ಸಿಟ್ಟೆಲ್ಲಿ ಬಂತು, ಶಾಪವೆಲ್ಲಿ ಬಂತು? ಸಾಕ್ಷಿ ಇದ್ದ, ಕಾರಣ ಇದ್ದ, ಒಂದಿಷ್ಟೂ ಸಂಶಯವಿಲ್ಲದ ಕೇಸು. ಕೆಂಚಪ್ಪನಿಗೆ ಕೊನೆಯ ಅಧ್ಯಾಯ ಸಿಕ್ಕಿತೆಂದು ಒಳಗೊಳಗೇ ಹಿಗ್ಗಿದೆ ಕೂಡ.

ಹಾಲಮ್ಮ ಮೆಲ್ಲಗೆ ಕೇಳಿದಳು. “ಹಂಗಾರೆ ನಮ್ಮತ್ತೆ ಬರ್ಲೇ ಇಲ್ವಾ?”

“ಇಲ್ಲ.”

“ಇಷ್ಟ್ ವರ್ಸವೂ ಉಪಾಸ್ವಾ?”

ಮುಗಿಯಿತು. ಒಬ್ಬ ಗಂಡ ಹಸಿದಿದ್ದಾನೆಂದು ಅನ್ನ ಬಿಟ್ಟವಳ ತಲೆಯ ಮೇಲೆ ಅತ್ತೆ ಮಾವಂದಿರ ಹಸಿವನ್ನೂ ಹೊರಿಸಿದ್ದೆ. ಅವಳು ಅಜ್ಜಿಯ ಎಲೆಯ ಮುಂದೆ ಕುಸಿದು ಕೂತು, “ಅತ್ತೆಮ್ಮಾ, ಉಂಡ್ರಿ ಅಂದ್ಕಂಡಿದ್ನಲ್ಲಾ” ಎಂದು ಬಡಬಡಿಸತೊಡಗಿದಳು.

“ಇದಕ್ಕಾ ಸಾರ್ ನಿಮ್ಮನ್ನ ಕರ್ಸಿದ್ದು?” ಎಂದ ತಿಮ್ಮೇಶ, ಹಲ್ಲು ಕಚ್ಚಿಕೊಂಡು.

ನನಗೂ ಸಿಟ್ಟು ನೆತ್ತಿಗೇರಿತ್ತು. ಇವರಿಗೆ ಎಷ್ಟು ಬಿಡಿಸಿ ಹೇಳಿದರೂ ಅಷ್ಟೇ. ಇಲ್ಲ ಅಂದರೆ ಇಲ್ಲ ಅನ್ನುವುದು ಇವರ ಕಿವಿಗೆ ಇಳಿಯುವುದೇ ಇಲ್ಲ. ಇಲ್ಲದವರು ಉಪವಾಸ ಇರುವುದಾದರೂ ಹೇಗೆ? ಇದನ್ನು ಕೂಗಿ ಹೇಳಬೇಕೆಂದು ಬಾಯಿ ತೆರೆದೆ. ಆ ಸೊರಗಿದ ಬೆನ್ನು ನೋಡಿ ಮುಚ್ಚಿಕೊಂಡೆ.

“ಅಲ್ಲಾ ಸಾಮಿ” ಎಂದು ಹಾಲಮ್ಮ ಕಣ್ಣೊರೆಸಿಕೊಂಡು ಕತ್ತು ತಿರುಗಿಸಿದಳು, “ಅವ್ರು ಯಾಕ್ ಕಚ್ಚಿ ಇಡ್ತಿದ್ರು?”

“ಅದ್ ನಂಗೊತ್ತಿಲ್ಲ ತಾಯಿ. ಯಾರು, ಹೆಂಗೆ ಅನ್ನೋವರ್ಗೆ ನನ್ ಕೆಲ್ಸ. ಮೊದಲ್ನೇ ಸಲ ಕಚ್ಚಿದ್ದು ಯಾವಾಗ?” ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ.

“ಅತ್ತೆ ತೀರ್ಕಂಡ್ ವರ್ಸ.” ಅವಳು ನೆನಪು ಮಾಡಿಕೊಳ್ಳುತ್ತಾ ಹೇಳುತ್ತಾ ಹೋದಳು. “ಬದುಕಿರೋಗಂಟ ನನ್ ಅಡ್ಗೇನ ಒಂದಿನ ಚೆಂದಾಗೈತೆ ಅಂದೋರಲ್ಲ ನಮ್ಮತ್ತೆ. ನಿಂಗೆ ಈ ಜನ್ಮಕ್ಕೆ ಪಾಕ ಬರಲ್ಲ ಬುಡು ಅನ್ನೋರು. ಮೊದಲ್ನೇ ಎಡೆಗೆ ಕಜ್ಜಾಯ ಮಾಡುವಾಗ ಒಲೆ ಮುಂದೆ ಅಳ್ತಾ ಕೂತಿದ್ದೆ, ಅತ್ತೆ ಇದನ್ನೂ ಉಗುದ್ ಹೋಗ್ತಾರೆ ಅಂತ. ಅವ್ರು ಬಂದು ನೋಡಿ ಏನೂ ಅನ್ನದೆ ಹೋದ್ರು. ಬಾಗ್ಲು ತೆಗುದ್ರೆ ಕಜ್ಜಾಯ ಕಚ್ಚಿತ್ತು. ‘ನೋಡೇ, ಅವ್ವ ಉಂಡವ್ಳೆ, ನಿನ್ ಪಾಕ ಬಂದೈತೆ’ ಅಂದ್ರು. ನಾನ್ ಅವತ್ತು...”

ಅವಳು ಗೋಡೆಯ ಫೋಟೋವನ್ನು ದಿಟ್ಟಿಸಿದಳು.

“ಕಳ್ ಮುಂಡೇದೇ” ಎಂದಳು. “ನನ್ ಸಲ್ವಾಗಿ ಕಚ್ಚಿದ್ಯಾ?”

ಆಮೇಲೆ ಅವಳು ಅತ್ತಳೋ ನಕ್ಕಳೋ ನನಗೆ ತಿಳಿಯಲಿಲ್ಲ, ಎರಡೂ ಇತ್ತು. ಇಷ್ಟು ವರ್ಷ ನನ್ನ ಮಂಗ ಮಾಡಿದೆಯಾ ಎಂದು ಬೈದಳು. ಬಾಡಿನ ಒಂದು ಚೂರಿಗೆ ಮುನಿಸಿಕೊಳ್ಳುವ ಗಂಡಸು ಇಂಥ ಕೆಲಸ ಮಾಡುತ್ತಾನೇನೋ ತಿಮ್ಮೇಶ ಎಂದು ಮಗನನ್ನು ಕೇಳಿದಳು. ತಿಮ್ಮೇಶ ಗೋಡೆಯ ಕಡೆ ತಿರುಗಿ ಮುಖ ಒರೆಸಿಕೊಂಡ. ಇನ್ನಾದರೂ ಉಣ್ಣುತ್ತಾಳೆ, ನಾನು ಹೊರಡಬಹುದು ಎಂದುಕೊಂಡೆ.

ಅಷ್ಟರಲ್ಲಿ ಕುರಿಗಳ ಸದ್ದು ಕೇಳಿಸಿತು. ಪ್ರಿಯಾಂಕಾ ಹಟ್ಟಿಯ ಬಾಗಿಲು ಎಳೆದು ಬಂದು ಅಂಗಳದ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದಳು. ತೊಳೆದ ಕಾಲನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು, ಒಳಗೆ ಬರಲು ಧೈರ್ಯವಿಲ್ಲದೆ.

ಹಾಲಮ್ಮ ಅವಳನ್ನು ನೋಡಿದಳು. ಗಂಡನ ಎಲೆಯ ಮೇಲಿದ್ದ ಕಜ್ಜಾಯವನ್ನು ನೋಡಿದಳು. ನಾವಿಬ್ಬರೂ ನೋಡನೋಡುತ್ತಿದ್ದ ಹಾಗೆ ಅದನ್ನೆತ್ತಿ ಒಂದು ಕಡೆ ಕಚ್ಚಿ, ನುಂಗಿ, ಎಲೆಯ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಪ್ರಿಯಾಂಕಾ! ಬಾರೇ ಇಲ್ಲಿ. ನೋಡ್ಬಾ, ನಿಮ್ ಮಾವ ಬಂದಿದ್ರು.”

ಹುಡುಗಿ ಒದ್ದೆ ಕಾಲಲ್ಲೇ ಓಡಿಬಂದಳು. ಎಲೆ ನೋಡಿದಳು, ಕಜ್ಜಾಯ ನೋಡಿದಳು, ಅತ್ತೆಯ ಮುಖ ನೋಡಿದಳು. ಗಂಡನನ್ನು ನೋಡಿದರೆ ಅವನು ಆಗಲೇ ತಲೆ ತಗ್ಗಿಸಿದ್ದ. ಕೊನೆಗೆ, ಬಿ.ಕಾಂ. ಓದಿದವಳಲ್ಲವೇ, ನೇರ ನನ್ನ ಕಡೆ ತಿರುಗಿದಳು.

“ಹೌದಾ ಸಾರ್?”

ಎಲ್ಲರನ್ನೂ ಬಿಟ್ಟು ನನ್ನನ್ನೇ ಕೇಳಬೇಕೇ? ಸಣ್ಣ ಮಕ್ಕಳ ಮುಂದೆ, ಪೊಲೀಸರ ಮುಂದೆ, ಟಿ.ವಿ.ಯವರ ಮುಂದೆ ಇಲ್ಲ ಎಂದು ಎದೆ ತಟ್ಟಿ ಹೇಳಿದ ಮನುಷ್ಯ ನಾನು. ಹಾಲಮ್ಮ ನನ್ನನ್ನು ಬೇಡಿಕೊಳ್ಳಲಿಲ್ಲ, ಕಣ್ಣಲ್ಲಿ ಸನ್ನೆಯನ್ನೂ ಮಾಡಲಿಲ್ಲ.

“ಹೂಂ ಕಣಮ್ಮ” ಎಂದೆ. “ಬಂದಿದ್ರು.”

“ಕ್ಯಾಮ್ರಾದಲ್ಲಿ ಬಂದಿದೆಯಾ?”

“ಬ್ಯಾಟರಿ ಹೋಗ್ಬಿಡ್ತು. ಆದ್ರೆ ನಾನ್ ಕಣ್ಣಾರೆ ನೋಡ್ದೆ. ಮೊದಲು ಕಜ್ಜಾಯಕ್ಕೇ ಕೈ ಹಾಕಿದ್ರು.”

ಪ್ರಿಯಾಂಕಾ ಹೊಸ್ತಿಲ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

“ಅಳ್ತಾ ಕೂತ್ರೆ ನಂಗ್ ಬಡ್ಸೋರ್ ಯಾರೇ?” ಎಂದು ಹಾಲಮ್ಮ ಗದರಿದಳು. “ಅವ್ರು ಉಂಡ್ರು. ಇನ್ ನಾನ್ ಉಣ್ಬೇಕು. ಎದ್ದೇಳು.”

ಬಡಿಸಿದಳು. ಹಾಲಮ್ಮ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದಳು. ಇನ್ನೊಂದು ತುತ್ತು ನುಂಗಿದಳು. “ಉಪ್ ಕಮ್ಮಿ ಆಯ್ತು ಕಣೇ. ಹೋಗ್ಲಿ ಬುಡು, ನಿಮ್ ಮಾವನೇ ಒಪ್ಪವ್ರೆ, ನಂದೇನು” ಎಂದಳು.

ನಾನು ಕ್ಯಾಮೆರಾದ ಕಾಲು ಮಡಚಿ ಚೀಲಕ್ಕೆ ತುಂಬಿದೆ. ತಿಮ್ಮೇಶ ಒಂದು ಚೀಲ ತೆಂಗಿನಕಾಯಿ ಕೊಡಲು ಬಂದ; ಬೇಡ ಎಂದು ರೇಗಿದೆ. ಬಸ್ ಸ್ಟಾಪಿನಲ್ಲಿ ಕೂರುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಅಲ್ಲಿಗೆ ಬಂದಿತ್ತು. “ದೊಡ್ಡಬೀರಪ್ಪ ಬಂದಿದ್ನಂತೆ, ನೀವೇ ಕಣ್ಣಾರೆ ನೋಡಿದ್ರಂತೆ, ಹೌದಾ ಸಾಮಿ?” ಎಂದು ಬೀಡಿ ಸೇದುತ್ತಿದ್ದವನೊಬ್ಬ ಕೇಳಿದ. ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ಕೆಂಚಪ್ಪನದು. ಫೋನು ಆಫ್ ಮಾಡಿ, ಬಸ್ಸು ಬರುವ ದಾರಿ ನೋಡುತ್ತಾ ಕೂತೆ. ಅವನು ಬದುಕಿದ್ದಾಗ ನಾನು ಒಂದು ಸಲ ಮುಖ ನೋಡಿಲ್ಲ, ಒಂದು ಮಾತಾಡಿಲ್ಲ, ಆ ಹಲ್ಲು ಮುರುಕ ಮಣ್ಣು ಸೇರಿದ ಮೇಲೂ ನನ್ನ ಬಾಯಲ್ಲಿ ತನ್ನ ಸುಳ್ಳು ಹೇಳಿಸಿದ್ದ. ಅವನ ಮೇಲೆ ಬಂದಷ್ಟು ಸಿಟ್ಟು ನನಗೆ ಯಾವ ದೆವ್ವದ ಮೇಲೂ ಬಂದಿರಲಿಲ್ಲ.